ಟಿವಿಗೆ ಬ್ಲೂಟೂತ್ ಸ್ಪೀಕರ್ ಸಾಕಾ, ಇಲ್ಲಾ ಸೌಂಡ್‌ಬಾರೇ ತಗೋಬೇಕಾ?

ಮಳ್ಳಿಕಿವಿ: ಹೊಸ 55 ಇಂಚಿನ ಟಿವಿ ತಗೊಂಡು ಎರಡು ತಿಂಗ್ಳಾಯ್ತು, ಪಿಕ್ಚರ್ ಸೂಪರ್, ಅದ್ರ ಬಗ್ಗೆ ಮಾತೇ ಇಲ್ಲ, ಆದ್ರೆ ಸೌಂಡು ಮಾತ್ರ ಡಬ್ಬದೊಳಗಿಂದ ಯಾರೋ ಮಾತಾಡ್ದಂಗೆ. ಡೈಲಾಗ್ ಕೇಳ್ಸಲ್ಲ ಅಂತ ವಾಲ್ಯೂಮ್ 40ಕ್ಕೆ ಏರಿಸ್ತೀನಿ, ಅಷ್ಟೊತ್ತಿಗೆ ಫೈಟ್ ಸೀನ್ ಬಂದು ಮಲಗಿದ್ದ ಮಗು ಎದ್ದು ಕೂರತ್ತೆ, ರಿಮೋಟ್ ಕೈಲಿ ಹಿಡ್ಕೊಂಡೇ ಸಿನಿಮಾ ನೋಡೋ ಹಾಗಾಗಿದೆ. ಹೇಗೂ ಒಂದು ಪೋರ್ಟಬಲ್ ಬ್ಲೂಟೂತ್ ಸ್ಪೀಕರ್ ತಗೋಬೇಕು ಅಂತಿತ್ತು, ಒಳ್ಳೇದೇ ತಗೊಂಡು ಮನೇಲಿದ್ದಾಗ ಟಿವಿಗೆ, ಹೊರಗೆ ಹೋದಾಗ ಬ್ಯಾಗಿಗೆ ಅಂತ ಪ್ಲಾನು. ಒಂದೇ ಕಲ್ಲಿಗೆ ಎರಡು ಹಕ್ಕಿ. ಯಾರಾದ್ರೂ ಹೀಗೆ ಮಾಡಿದೀರಾ?

ತಂತಿಪ್ರಿಯ: ಮಾಡಿದೀನಿ, ಪಶ್ಚಾತ್ತಾಪನೂ ಪಟ್ಟಿದೀನಿ. ಮೊದಲ್ನೇ ದಿನ ನ್ಯೂಸ್ ಹಾಕ್ದೆ, ಆಯಮ್ಮ ಬಾಯಿ ಮುಚ್ಚಿದ್ಮೇಲೆ ಮಾತು ಬರ್ತಿತ್ತು. ಬ್ಲೂಟೂತಲ್ಲಿ ಸೌಂಡನ್ನ ಕುಗ್ಗಿಸಿ, ಕಳಿಸಿ, ಆ ಕಡೆ ಮತ್ತೆ ಬಿಚ್ಚಬೇಕಲ್ಲ, ಎಸ್‌ಬಿಸಿ ಅನ್ನೋ ಮಾಮೂಲಿ ಕೋಡೆಕಲ್ಲಿ (ಕುಗ್ಗಿಸಿ ಬಿಚ್ಚೋ ವಿಧಾನ) 150ರಿಂದ 250 ಮಿಲಿಸೆಕೆಂಡ್ ತಡ ಆಗೋದು ಸಾಮಾನ್ಯ. ಫೋನಲ್ಲಿ ವಿಡಿಯೋ ನೋಡುವಾಗ ಇದು ಗೊತ್ತಾಗಲ್ಲ ಯಾಕಂದ್ರೆ ಆ್ಯಪೇ ಪಿಕ್ಚರನ್ನ ಅಷ್ಟು ತಡೆದು ತೋರ್ಸತ್ತೆ, ಬಹಳಷ್ಟು ಟಿವಿಗಳು ಅಷ್ಟು ನೀಟಾಗಿ ಮಾಡಲ್ಲ. ಸೆಟ್ಟಿಂಗಲ್ಲಿ ಆಡಿಯೋ ಡಿಲೇ ಅಂತ ಇರತ್ತೆ, ನಾನೂ ಖುಷಿಯಾಗಿ ಹೋಗಿ ಎಳೆದೆ, ಅದು ಸೌಂಡನ್ನ ಇನ್ನೂ ಹಿಂದಕ್ಕೆ ತಳ್ಳೋದು ಕಣ್ರೀ, ಮುಂದಕ್ಕೆ ತರೋದಲ್ಲ! ಸ್ಪೀಕರಲ್ಲಿ 3.5 ಎಂಎಂ ಆಕ್ಸ್ ಇದ್ರೆ ಟಿವಿ ಹೆಡ್‌ಫೋನ್ ಜ್ಯಾಕಿಂದ ವೈರ್ ಎಳೀರಿ, ತಡ ಅನ್ನೋದೇ ಇರಲ್ಲ. ಆದ್ರೆ ಈಗಿನ ಎಷ್ಟೋ ಸ್ಪೀಕರಲ್ಲಿ ಆ ತೂತನ್ನೇ ತೆಗೆದುಬಿಟ್ಟಿದಾರೆ, ತಗೊಳೋ ಮುಂಚೆ ಹಿಂದ್ಗಡೆ ರಬ್ಬರ್ ಮುಚ್ಚಳ ತೆಗೆದು ನೋಡಿ.

ಗುರ್‌ಗುರ್: ಇನ್ನೊಂದು ವಿಷ್ಯ, ಟಿವಿಗೆ ಅಂತ ದಿನಪೂರ್ತಿ ಚಾರ್ಜರ್ ಚುಚ್ಚೇ ಇಟ್ರೆ ಬ್ಯಾಟರಿ ಯಾವಾಗ್ಲೂ ಫುಲ್ಲಲ್ಲೇ ಇರತ್ತೆ, ಲಿಥಿಯಂ ಬ್ಯಾಟರಿಗೆ ಅದು ಆಗಿಬರಲ್ಲ. ಬೇಗ ಸವೆಯತ್ತೆ, ಆಮೇಲೆ ಹೊರಗೆ ಒಯ್ದಾಗ ಅರ್ಧ ಗಂಟೆಗೇ ಟುಸ್. ಎರಡು ಹಕ್ಕಿ ಅಂದ್ರಲ್ಲ, ಎರಡೂ ಹಾರಿಹೋಗ್ತವೆ 😄

ಹಳೇಆಂಪ್ಲಿ: ಸೌಂಡ್‌ಬಾರ್ ಅಂದ್ರೆ ಎಲ್ಲ ಒಂದೇ ಅಂದ್ಕೋಬೇಡಿ. ನಿಮ್ಮ ಕಂಪ್ಲೇಂಟ್ ಇರೋದು ಡೈಲಾಗ್ ಬಗ್ಗೆ ಅಲ್ವಾ, ಆಗ 2.1 (ಎಡ-ಬಲ ಎರಡು ಚಾನೆಲ್, ಜೊತೆಗೊಂದು ಬೇಸ್ ಡಬ್ಬ, ಅಂದ್ರೆ ಸಬ್‌ವೂಫರ್) ತಗೊಂಡ್ರೆ ಸಬ್‌ವೂಫರ್ ಗುಡುಗತ್ತೆ, ಮಾತು ಅಲ್ಲೇ ಇರತ್ತೆ. ಸಿನಿಮಾಗಳ 5.1 ಮಿಕ್ಸಲ್ಲಿ (ಐದು ಚಾನೆಲ್, ಒಂದು ಬೇಸ್) ಮಾತು ಹೆಚ್ಚುಪಾಲು ಸೆಂಟರ್ ಚಾನೆಲಲ್ಲೇ ಇರೋದು, ಆದ್ರಿಂದ 3.1 ನೋಡಿ, ಮಧ್ಯದ ಸ್ಪೀಕರ್ ಅದಕ್ಕೇ ಅಂತ ಇರತ್ತೆ. ಬಾಕ್ಸ್ ಮೇಲಿನ ವ್ಯಾಟ್ ನಂಬರ್ ನೋಡಿ ಮರುಳಾಗ್ಬೇಡಿ, ಪೀಕ್ ವ್ಯಾಟ್ (ಕ್ಷಣಮಾತ್ರದ ಗರಿಷ್ಠ) ಬರೆಯೋಕೆ ಪ್ರಿಂಟಿಂಗ್ ಖರ್ಚು ಬಿಟ್ರೆ ಬೇರೇನೂ ಬೇಡ. ಕನೆಕ್ಷನ್ ಎಚ್‌ಡಿಎಂಐ ಆರ್ಕಲ್ಲೇ (ಟಿವಿ ಸೌಂಡನ್ನ ಬಾರ್‌ಗೆ ಕಳಿಸೋ ಎಚ್‌ಡಿಎಂಐ ಪೋರ್ಟ್) ಕೊಡಿ, ಟಿವಿ ರಿಮೋಟಲ್ಲೇ ವಾಲ್ಯೂಮ್ ಆಗತ್ತೆ. ಆಪ್ಟಿಕಲಲ್ಲಿ (ಬೆಳಕಲ್ಲಿ ಸೌಂಡ್ ಕಳಿಸೋ ಕೇಬಲ್) ಆ ಸುಖ ಸಾಮಾನ್ಯವಾಗಿ ಸಿಗಲ್ಲ, ಅಟ್ಮಾಸ್ (ತಲೆ ಮೇಲಿಂದಲೂ ಸೌಂಡ್ ಬಂದಂಗೆ ಮಾಡೋ ಡಾಲ್ಬಿ ಫಾರ್ಮ್ಯಾಟ್) ಅಂತೂ ಅದ್ರಲ್ಲಿ ಹೋಗೋದೇ ಇಲ್ಲ. ಇಆರ್ಕ್ (ಆರ್ಕಿನ ಹೊಸ, ಹೆಚ್ಚು ಡೇಟಾ ಹೊರೋ ರೂಪ) ಇಲ್ಲ ಅಂತ ತಲೆ ಕೆಡಿಸ್ಕೋಬೇಡಿ, ಓಟಿಟಿಲಿ ಬರೋ ಅಟ್ಮಾಸ್ ಸಾಮಾನ್ಯವಾಗಿ ಡಾಲ್ಬಿ ಡಿಜಿಟಲ್ ಪ್ಲಸ್ ಅನ್ನೋ ಕುಗ್ಗಿಸಿದ ಫಾರ್ಮ್ಯಾಟ್ ಒಳಗೆ ಕೂತು ಬರತ್ತೆ, ಅದನ್ನ ಕಳಿಸೋ ಟಿವಿ ಆದ್ರೆ ಮಾಮೂಲಿ ಆರ್ಕೇ ಸಾಕು.

ಅದಕ್ಕೂ ಮುಂಚೆ ಕಾಸು ಖರ್ಚಿಲ್ದೆ ಒಂದು ಕೆಲ್ಸ ಮಾಡಿ. ಟಿವಿ ಸೌಂಡ್ ಮೆನುಲಿ ನೈಟ್ ಮೋಡೋ ಕ್ಲಿಯರ್ ವಾಯ್ಸೋ ಏನೋ ಒಂದು ಹೆಸರಲ್ಲಿರತ್ತೆ, ಆನ್ ಮಾಡಿ. ಸಣ್ಣ ಸೌಂಡ್ ಮೇಲೆತ್ತಿ ದೊಡ್ಡದನ್ನ ಅದುಮತ್ತೆ, ಇಲ್ಲಾ ಮಾತಿನ ಭಾಗವನ್ನಷ್ಟೇ ಎತ್ತತ್ತೆ. ಸಿನಿಮಾದ ಮಜಾ ಸ್ವಲ್ಪ ಹೋಗತ್ತೆ, ಮಗು ಏಳಲ್ಲ.

ಮಳ್ಳಿಕಿವಿ: ಅಪ್‌ಡೇಟ್. ನೈಟ್ ಮೋಡ್ ಹಾಕ್ದೆ, ವಾಲ್ಯೂಮ್ 22ರಲ್ಲೇ ಮಾತು ಕೇಳ್ತಿದೆ, ಎರಡು ತಿಂಗಳು ಸುಮ್ನೆ ಒದ್ದಾಡಿದೆ. ಆದ್ರೂ ತೆಳು ತೆಳು ಅನ್ಸೋದು ಹೋಗಿಲ್ಲ, ಹಾಗಾಗಿ 3.1 ಬಾರೇ ಫಿಕ್ಸು, ಬ್ಯಾಗಿಗೆ ಚಿಕ್ಕದೊಂದು ಸ್ಪೀಕರ್ ಆಮೇಲೆ ನೋಡೋಣ. ಆರ್ಕ್ ಪೋರ್ಟ್ ಎಲ್ಲಿದೆ ಅಂತ ಟಾರ್ಚ್ ಹಿಡ್ಕೊಂಡು ಟಿವಿ ಹಿಂದೆ ತೂರಿ ನೋಡಿದ್ರೆ, ಇರೋ ಮೂರರಲ್ಲಿ ಅದೊಂದಕ್ಕೇ ಸೆಟ್‌ಟಾಪ್ ಬಾಕ್ಸ್ ಚುಚ್ಚಿಟ್ಟಿದೀನಿ.

ಗುರ್‌ಗುರ್: ಎಲ್ರೂ ಅಲ್ಲಿಗೇ ಚುಚ್ಚೋದು ಗುರು, ನಂದೂ ಅಲ್ಲೇ ಇತ್ತು.