ಪದಚರ್ಚೆ: ಜೇನಿನ ಕಲಬೆರಕೆ ಪರೀಕ್ಷೆಯಲ್ಲಿ ‘ರೋಹಿತದರ್ಶನ’, ‘ಬೆರಳಚ್ಚು ವಲಯ’, ‘ಶುದ್ಧ’

ಪ್ರಶ್ನೆ: ಜೇನುತುಪ್ಪದ ಕಲಬೆರಕೆ ಪರೀಕ್ಷೆಯ ಬಗ್ಗೆ ಬರೆಯುವಾಗ ಮೂರು ಕಡೆ ತಡೆಯಾಗುತ್ತಿದೆ. ಸ್ಪೆಕ್ಟ್ರೋಸ್ಕೋಪಿ, ಸ್ಪೆಕ್ಟ್ರೋಮೆಟ್ರಿ ಎರಡಕ್ಕೂ ‘ರೋಹಿತದರ್ಶನ’ ಸಾಕೇ? ಫಿಂಗರ್‌ಪ್ರಿಂಟ್ ರೀಜನ್ ಎಂಬುದನ್ನು ‘ಬೆರಳಚ್ಚು ವಲಯ’ ಎನ್ನಬಹುದೇ? ವರದಿಯಲ್ಲಿ ‘ನಾಟ್ ಡಿಟೆಕ್ಟೆಡ್’ ಎಂದಿದ್ದರೆ ‘ಶುದ್ಧ’ ಎಂದು ಬರೆಯಬಹುದೇ? ಬಲ್ಲವರು ತಿಳಿಸಿ.

ಉತ್ತರ: ಮೂರನೆಯದು ತಪ್ಪು, ಅದೂ ದೊಡ್ಡ ತಪ್ಪು. ಕಾರಣ ಎರಡನೆಯ ಪ್ರಶ್ನೆಯಲ್ಲೇ ಇದೆ, ಅಲ್ಲಿಂದ ಹೊರಡುತ್ತೇನೆ.

ಅವಕೆಂಪು (ಇನ್‌ಫ್ರಾರೆಡ್) ಬೆಳಕಿನ ಪರೀಕ್ಷೆಯಲ್ಲಿ ಪ್ರತಿ ಸೆಂ.ಮೀ.ಗೆ 1500ರಿಂದ 800 ಅಲೆಗಳವರೆಗಿನ ಪಟ್ಟಿಯನ್ನು ನೋಡುತ್ತಾರೆ. ಫಿಂಗರ್‌ಪ್ರಿಂಟ್ ರೀಜನ್ ಎಂದರೆ ಇದೇ. ಸಕ್ಕರೆಗಳ ಹೀರಿಕೆ ಒತ್ತಾಗಿರುವುದು ಅಲ್ಲೇ. ಸುಕ್ರೋಸ್ 925 ಮತ್ತು 995ರ ಆಸುಪಾಸು ಕಾಣುತ್ತದೆ. ಗ್ಲೂಕೋಸ್ 1030ರ, ಫ್ರಕ್ಟೋಸ್ 1060ರ ಸುತ್ತ ಒಂದರ ಮೇಲೊಂದು ಕವಿದುಕೊಳ್ಳುತ್ತವೆ. ‘ಬೆರಳಚ್ಚು’ ಎಂದ ಕೂಡಲೇ ಓದುಗರು ಕಳ್ಳನ ಗುರುತು ಬೇರೆಯಾಗಿಯೇ ಸಿಗುತ್ತದೆ ಎಂದುಕೊಳ್ಳುತ್ತಾರೆ. ಇಲ್ಲಿ ಹಾಗಾಗುವುದಿಲ್ಲ. ಜೇನಿನಲ್ಲಿರುವುದು ಹೆಚ್ಚುಕಡಿಮೆ 38% ಫ್ರಕ್ಟೋಸ್, 31% ಗ್ಲೂಕೋಸ್. ಬೆರೆಸುವ, ಫ್ರಕ್ಟೋಸ್ ಹೆಚ್ಚಿಸಿದ ಮೆಕ್ಕೆಜೋಳದ ಪಾಕದಲ್ಲೂ ಮುಖ್ಯವಾಗಿ ಅವೇ ಎರಡು. ಹೀರಿಕೆಯ ಗೆರೆಯಲ್ಲಿ ಹೊಸ ಶಿಖರ ಏಳುವುದಿಲ್ಲ, ಇರುವ ಶಿಖರಗಳ ಎತ್ತರದ ಅನುಪಾತ ಮಾತ್ರ ಜರುಗುತ್ತದೆ. ಆದ್ದರಿಂದ ‘ಲಕ್ಷಣ ವಲಯ’ ಎಂದರೆ ಮೇಲು.

ಆ ಜರುಗುವಿಕೆಯನ್ನು ಅಳೆಯಲು ಬೇರೆ ಬೇರೆ ಹೂಗಳ ನಂಬಿಕಸ್ತ ಜೇನನ್ನೂ, ಅದಕ್ಕೆ 5, 10, 20% ಹೀಗೆ ತಿಳಿದ ಪ್ರಮಾಣದಲ್ಲಿ ಪಾಕ ಬೆರೆಸಿದ ಮಾದರಿಗಳನ್ನೂ ಅಳೆದು ಗಣಿತದ ಮಾದರಿ ಕಟ್ಟುತ್ತಾರೆ. (ಸ್ಯಾಂಪಲ್ಲೂ ‘ಮಾದರಿ’, ಮಾಡೆಲ್ಲೂ ‘ಮಾದರಿ’! ಮೊದಲನೆಯದನ್ನು ‘ನಮೂನೆ’ ಎಂದುಬಿಡಿ.) ನಮೂನೆ ಹರಳುಗಟ್ಟಿದ್ದರೆ 40 ಡಿಗ್ರಿ ಸೆಲ್ಸಿಯಸ್‌ನ ಬಿಸಿನೀರಿನಲ್ಲಿಟ್ಟು ಕರಗಿಸಬೇಕು. ಆಮೇಲೆ ಭಟ್ಟಿ ನೀರು ಸೇರಿಸಿ ಎಲ್ಲವನ್ನೂ 70 ಬ್ರಿಕ್ಸ್‌ಗೆ (ದ್ರವದಲ್ಲಿ ಕರಗಿದ ಸಕ್ಕರೆಯ ಅಳತೆ) ತರಬೇಕು. ಇದನ್ನು ಬಿಟ್ಟರೆ ಲೆಕ್ಕವು ಪಾಕದ ಬದಲು ನೀರಿನ ಏರುಪೇರನ್ನೇ ಕಲಿತುಕೊಳ್ಳುತ್ತದೆ. 1640ರ ಬಳಿಯ ನೀರಿನ ಶಿಖರ ಅಷ್ಟು ಜೋರು. ಇನ್ನು ನಮೂನೆಯನ್ನಿಡುವ ಎಟಿಆರ್ ಹರಳಿನ (ಬೆಳಕು ಇದರೊಳಗೇ ಪ್ರತಿಫಲಿಸುತ್ತದೆ) ಮೇಲೆ ಬೆಳಕು ದ್ರವದೊಳಕ್ಕೆ ಇಳಿಯುವುದು ಒಂದೆರಡು ಮೈಕ್ರೋಮೀಟರ್ ಮಾತ್ರ. ಒಂದು ಗಾಳಿಗುಳ್ಳೆಯೋ ಕರಗದ ಸಕ್ಕರೆ ಕಣವೋ ಅಲ್ಲಿ ಕೂತರೆ ಅಳತೆ ಕೆಟ್ಟಂತೆಯೇ.

ಮೊದಲ ಪ್ರಶ್ನೆಗೆ: ದರ್ಶನ (ಸ್ಪೆಕ್ಟ್ರೋಸ್ಕೋಪಿ) ಮತ್ತು ಮಾಪನ (ಸ್ಪೆಕ್ಟ್ರೋಮೆಟ್ರಿ) ಬೇರೆಯಾಗಿರಲಿ. ಅವಕೆಂಪು, ರಾಮನ್ (ಚದುರಿದ ಲೇಸರ್ ಬೆಳಕನ್ನು ನೋಡುವ ಪರೀಕ್ಷೆ), ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ಪರಮಾಣು ಬೀಜಗಳ ಪರೀಕ್ಷೆ) ಇವಕ್ಕೆ ‘ರೋಹಿತದರ್ಶನ’ ಒಪ್ಪುತ್ತದೆ. ಎನ್‌ಎಂಆರ್‌ನಲ್ಲಿ ರೇಡಿಯೋ ಅಲೆ ಇದ್ದರೂ ಹೀರಿಕೆಯಂತೂ ಇದೆ. ಆದರೆ ಇಂಗಾಲದ ಸಮಸ್ಥಾನಿಗಳನ್ನು (ಐಸೋಟೋಪ್, ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ಅಳೆಯುವ ಯಂತ್ರದಲ್ಲಿ ಬೆಳಕೇ ಇಲ್ಲ, ಅಯಾನುಗಳನ್ನು ತೂಕದಂತೆ ಬೇರ್ಪಡಿಸಿ ಎಣಿಸುತ್ತಾರೆ. ಅದು ‘ರಾಶಿ ರೋಹಿತಮಾಪನ’ (ಮಾಸ್ ಸ್ಪೆಕ್ಟ್ರೋಮೆಟ್ರಿ).

‘ಶುದ್ಧ’ ಪದ ಹೆಚ್ಚು ಮೋಸಮಾಡುವುದು ಈ ಸಮಸ್ಥಾನಿ ಪರೀಕ್ಷೆಯಲ್ಲೇ. ಕಬ್ಬು, ಮೆಕ್ಕೆಜೋಳ ಸಿ-4 ಗಿಡಗಳು. ಜೇನ್ನೊಣ ಹೋಗುವ ಹೂಗಿಡಗಳು ಬಹುತೇಕ ಸಿ-3. ಗಾಳಿಯ ಇಂಗಾಲವನ್ನು ಹಿಡಿದುಕೊಳ್ಳುವ ಎರಡು ಬಗೆಗಳಿವು. ಇಂಗಾಲ-13ರ ಮೌಲ್ಯ (ಭಾರದ ಇಂಗಾಲ ಮಾನದಂಡಕ್ಕಿಂತ ಎಷ್ಟು ಕಡಿಮೆ ಎಂಬ ಲೆಕ್ಕ) ಜೇನಿನಲ್ಲಿ ಸಾವಿರಕ್ಕೆ −25ರ ಆಸುಪಾಸು, ಕಬ್ಬಿನ ಸಕ್ಕರೆಯಲ್ಲಿ −11ರ ಸುತ್ತ. ಜೇನಿನೊಳಗಿನ ಪ್ರೋಟೀನನ್ನು ಬೇರ್ಪಡಿಸಿ ಅದರ ಮೌಲ್ಯಕ್ಕೆ (ಸಕ್ಕರೆ ಬೆರೆಸಿದರೂ ಅದು ಬದಲಾಗದು) ಇಡೀ ಜೇನಿನದನ್ನು ಹೋಲಿಸುತ್ತಾರೆ. ಲೆಕ್ಕ ಹಾಕಿದ ಸಿ-4 ಸಕ್ಕರೆ 7% ದಾಟಿದರೆ ಕಲಬೆರಕೆ ಎನ್ನುತ್ತಾರೆ. ಅಕ್ಕಿ ಪಾಕ, ಬೀಟ್ ಪಾಕ ಎರಡೂ ಸಿ-3. ಅವನ್ನು ಎಷ್ಟು ಸುರಿದರೂ ಈ ಹೋಲಿಕೆಗೆ ಸಿಕ್ಕಿಬೀಳುವುದು ಕಷ್ಟ. ಹಾಗಾಗಿ ‘7% ಮಿತಿಯ ಮೇಲೆ ಸಿ-4 ಸಕ್ಕರೆ ಪತ್ತೆಯಾಗಿಲ್ಲ’ ಎಂದು ಪೂರ್ತಿ ಬರೆಯಿರಿ. ಉದ್ದವಾಯಿತು ಎನ್ನುವವರು ಎನ್ನಲಿ.

ಮತ್ತೊಂದು ಉತ್ತರ: ಮೇಲಿನದಕ್ಕೆ ಒಪ್ಪಿಗೆ, ‘ಲಕ್ಷಣ ವಲಯ’ ಒಂದನ್ನು ಬಿಟ್ಟು. ಪಠ್ಯಗಳಲ್ಲಿ ‘ಬೆರಳಚ್ಚು’ ಬೇರೂರಿದರೆ ಕೀಳುವುದು ಸುಲಭವಲ್ಲ. ಅಡಿಯಲ್ಲಿ ಒಂದು ವಿವರಣೆ ಕೊಟ್ಟರಾಯಿತು.

‘ಹಿನ್ನೆಲೆ’ ಎಂಬ ಪದಕ್ಕೂ ಕಣ್ಣಿಡಿ. ಅವಕೆಂಪಿನಲ್ಲಿ ಅದು ಒರೆಸಿದ ಬರಿ ಹರಳಿನ ಮೇಲೆ ಮೊದಲೇ ತೆಗೆದಿಡುವ ಅಳತೆ. ರಾಮನ್‌ನಲ್ಲಿ ಕಪ್ಪು ಜೇನು 785 ನ್ಯಾನೋಮೀಟರ್ ಲೇಸರಿಗೆ ತಾನೇ ಹೊಳೆದು ಶಿಖರಗಳನ್ನು ಮುಚ್ಚುವ ದಿಬ್ಬ. 1064ಕ್ಕೆ ಹೋದರೆ ಅದು ತಗ್ಗುತ್ತದೆ. ಮೊದಲನೆಯದಕ್ಕೆ ‘ಖಾಲಿ ಅಳತೆ’, ಎರಡನೆಯದಕ್ಕೆ ‘ಪ್ರತಿದೀಪ್ತಿ’ ಎಂದರೆ ಗೊಂದಲವಿಲ್ಲ.