ಮರೆವಿನ ಕಾಯಿಲೆಯವರ ಆರೈಕೆ ಕೇಂದ್ರ: ಒಳ್ಳೆಯದು ಯಾವುದೆಂದು ಗುರುತಿಸುವುದು ಹೇಗೆ?

ಪ್ರಶ್ನೆ: ಅಮ್ಮನಿಗೆ 78 ವರ್ಷ. ಅಲ್ಝೈಮರ್ ಕಾಯಿಲೆ, ಈಗ ನಡುವಿನ ಹಂತದಲ್ಲಿದೆ. ರಾತ್ರಿ ಎದ್ದು ಬಾಗಿಲು ತೆಗೆದು ಹೊರಗೆ ಹೋಗಿಬಿಡುತ್ತಾರೆ. ಸ್ನಾನಕ್ಕೆ ಕರೆದರೆ ಹೊಡೆಯಲು ಬರುತ್ತಾರೆ. ಇನ್ನು ಮನೆಯಲ್ಲಿ ಆಗುವುದಿಲ್ಲ ಎಂದು ಎಲ್ಲರೂ ಕೂತು ತೀರ್ಮಾನಿಸಿ ಎರಡು ಕೇಂದ್ರ ನೋಡಿ ಬಂದೆವು. ಒಂದು ಹೊಸ ಕಟ್ಟಡ, ತೋಟ, ದೊಡ್ಡ ಟಿ.ವಿ., ಎಲ್ಲ ಫಳಫಳ. ಇನ್ನೊಂದು ಹಳೆಯದು, ಸ್ವಲ್ಪ ಗಲಾಟೆ. ಎರಡರಲ್ಲೂ ಮ್ಯಾನೇಜರ್ ಚೆನ್ನಾಗಿಯೇ ಮಾತಾಡಿಸಿದರು. ಯಾವುದು ಒಳ್ಳೆಯದೆಂದು ಗೊತ್ತಾಗುವುದು ಹೇಗೆ? ಏನು ನೋಡಬೇಕು, ಏನು ಕೇಳಬೇಕು?

ಉತ್ತರ (ವೃದ್ಧರ ಆರೈಕೆಯ ಹಿರಿಯ ನರ್ಸ್): ಮ್ಯಾನೇಜರ್ ಜೊತೆ ಸುತ್ತಾಡಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬರುತ್ತೇವೆಂದು ಮೊದಲೇ ತಿಳಿಸಿ ಬೆಳಿಗ್ಗೆ ಹನ್ನೊಂದು ಗಂಟೆಗೆ ಹೋದರೆ ಯಾವ ಕೇಂದ್ರವೂ ಚೆನ್ನಾಗಿ ಕಾಣುತ್ತದೆ. ಆ ಹೊತ್ತಿಗೆ ಎಲ್ಲರ ಸ್ನಾನ ಮುಗಿದಿರುತ್ತದೆ, ಕೆಲಸದವರೂ ಹೆಚ್ಚು ಇರುತ್ತಾರೆ. ಎರಡಕ್ಕೂ ಮತ್ತೊಮ್ಮೆ ಹೋಗಿ, ಸಂಜೆ ನಾಲ್ಕೂವರೆಯಿಂದ ಏಳರ ಒಳಗೆ. ಹೊತ್ತು ಮುಳುಗುವಾಗ ಈ ಕಾಯಿಲೆಯವರಲ್ಲಿ ಗಾಬರಿ, ಅಲೆದಾಟ, 'ಮನೆಗೆ ಹೋಗಬೇಕು' ಎನ್ನುವ ಹಟ ಹೆಚ್ಚುತ್ತದೆ. ಹಲವು ಕಡೆ ಅದೇ ವೇಳೆಗೆ ಶಿಫ್ಟ್ ಬದಲಾಗುತ್ತದೆ, ರಾತ್ರಿ ಊಟದ ತಯಾರಿಯೂ ನಡೆದಿರುತ್ತದೆ. ಸಾಧ್ಯವಾದರೆ ಇನ್ನೊಂದು ಸಲ ರಜೆಯ ದಿನ ಹೋಗಿ. ಸಂಜೆ ಹೊತ್ತು ಒಳಗೆ ಬಿಡುವುದೇ ಇಲ್ಲ ಎಂದರೆ ಆ ಕೇಂದ್ರವನ್ನು ಪಟ್ಟಿಯಿಂದ ತೆಗೆಯಿರಿ.

ಹೋದಾಗ ಹಾಲಿನಲ್ಲಿ ಒಂದು ಮೂಲೆಗೆ ಕೂತು ಒಂದು ಗಂಟೆ ಸುಮ್ಮನೆ ನೋಡಿ. ಟಾಮ್ ಕಿಟ್‌ವುಡ್ ಎಂಬ ಬ್ರಿಟಿಷ್ ತಜ್ಞರು ಮತ್ತು ಅವರ ಸಂಗಡಿಗರು ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 'ಡಿಮೆನ್ಷಿಯಾ ಕೇರ್ ಮ್ಯಾಪಿಂಗ್' (ಡಿಮೆನ್ಷಿಯಾ ಎಂದರೆ ಮರೆವಿನ ಕಾಯಿಲೆ) ಎಂಬ ಕ್ರಮ ರೂಪಿಸಿದರು. ಕೆಲವು ಹಿರಿಯರನ್ನು ಆರಿಸಿಕೊಂಡು, ಐದೈದು ನಿಮಿಷಕ್ಕೆ ಅವರು ಏನು ಮಾಡುತ್ತಿದ್ದಾರೆ, ಮನಸ್ಸು ಹೇಗಿದ್ದಂತಿದೆ ಎಂದು ಗುರುತು ಹಾಕುವುದು ಅದರ ತಿರುಳು. ಅದಕ್ಕೆ ತರಬೇತಿ ಬೇಕು, ಆದರೆ ಸಣ್ಣ ರೂಪದಲ್ಲಿ ನೀವೂ ಮಾಡಬಹುದು. ಹೆಚ್ಚು ಮಾತಾಡದ ಇಬ್ಬರು ಹಿರಿಯರನ್ನು ಆರಿಸಿಕೊಳ್ಳಿ. ಮಾತುಗಾರರ ಹತ್ತಿರ ಎಲ್ಲರೂ ನಿಲ್ಲುತ್ತಾರೆ, ಮೌನವಾಗಿರುವವರೇ ನಿರ್ಲಕ್ಷ್ಯಕ್ಕೆ ಒಳಗಾಗುವುದು. ಒಂದು ಗಂಟೆಯಲ್ಲಿ ಅವರನ್ನು ಯಾರಾದರೂ ಮಾತಾಡಿಸಿದರೇ? ಬರೀ 'ಏಳಿ', 'ಬಾಯಿ ತೆಗೀರಿ' ಎನ್ನುವ ಮಾತೋ, ಬೇರೆ ಮಾತೂ ಇತ್ತೋ? ಗಾಲಿಕುರ್ಚಿಯನ್ನು ಹಿಂದಿನಿಂದ ಹೇಳದೆ ಕೇಳದೆ ತಳ್ಳಿಕೊಂಡು ಹೋದರೋ, ಎದುರಿಗೆ ಬಂದು ಕಣ್ಣಿಗೆ ಕಾಣುವಂತೆ ಬಗ್ಗಿ ಹೇಳಿ ಹೊರಟರೋ? ಅವರ ಎದುರಿಗೇ ಅವರ ಮಲಮೂತ್ರದ ವಿಷಯ ಇನ್ನೊಬ್ಬರ ಹತ್ತಿರ ಜೋರಾಗಿ ಮಾತಾಡಿದರೋ? ಯಾರಾದರೂ ಅಳುತ್ತಿದ್ದರೆ ಎಷ್ಟು ನಿಮಿಷಕ್ಕೆ ಒಬ್ಬರು ಹತ್ತಿರ ಬಂದರು?

ನಿಮಗೆ ಕಂಡ 'ಗಲಾಟೆ' ಎಂಥದ್ದು ಎಂಬುದೂ ಮುಖ್ಯ. ಹಿರಿಯರು ಓಡಾಡುವುದು, ಹಾಡುವುದು, ಬಟ್ಟೆ ಮಡಿಸುವುದು, ಸಣ್ಣಪುಟ್ಟ ಜಗಳ, ಇವೆಲ್ಲ ಜನ ಬದುಕಿದ್ದಾರೆ ಎನ್ನುವುದರ ಸದ್ದು. ಸಂಜೆ ಆರಕ್ಕೆ ಮೂವತ್ತು ಜನ ಟಿ.ವಿ. ಮುಂದೆ ತಲೆ ಬಾಗಿಸಿ ತೂಕಡಿಸುತ್ತಿದ್ದರೆ ನಾನು ಹೆಚ್ಚು ಹೆದರುತ್ತೇನೆ. ವಾಸನೆಯೂ ಹಾಗೆಯೇ. ಈಗಷ್ಟೇ ಒಬ್ಬರಿಗೆ ಮಲವಾಗಿ ಒಂದು ಕೋಣೆಯಲ್ಲಿ ವಾಸನೆ ಬಂದರೆ ಅದು ಸಹಜ. ಸೋಫಾ, ಪರದೆ, ಹಾಸಿಗೆಯಲ್ಲೆಲ್ಲ ಹಳೆಯ ಮೂತ್ರದ ಕಮಟು ಇದ್ದರೆ, ಅಥವಾ ಅದನ್ನು ಮುಚ್ಚಲು ಸುವಾಸನೆಯ ಸ್ಪ್ರೇ ಹೊಡೆದಿದ್ದರೆ ಸಮಯಕ್ಕೆ ಸರಿಯಾಗಿ ಡೈಪರ್ ಬದಲಿಸುತ್ತಿಲ್ಲ ಎಂದರ್ಥ.

ಈಗ ಕೇಳಬೇಕಾದ ಪ್ರಶ್ನೆ. 'ನಿಮ್ಮಲ್ಲಿ ಎಷ್ಟು ಸಿಬ್ಬಂದಿ ಇದ್ದಾರೆ' ಎಂದು ಕೇಳಬೇಡಿ, ಅಡುಗೆಯವರು, ಆಫೀಸಿನವರು, ಸೆಕ್ಯುರಿಟಿ ಎಲ್ಲ ಸೇರಿಸಿ ಒಂದು ದೊಡ್ಡ ಸಂಖ್ಯೆ ಹೇಳುತ್ತಾರೆ. 'ರಾತ್ರಿ ಎರಡು ಗಂಟೆಗೆ ಈ ಮಹಡಿಯಲ್ಲಿ ಎಚ್ಚರವಾಗಿರುವವರು ಎಷ್ಟು ಜನ, ಅವರ ಕೈಕೆಳಗೆ ಎಷ್ಟು ಹಿರಿಯರು' ಎಂದು ಕೇಳಿ. ನಿಮ್ಮ ಅಮ್ಮ ರಾತ್ರಿ ಏಳುವವರು, ಆದ್ದರಿಂದ ಈ ಪ್ರಶ್ನೆ ನಿಮಗೆ ಎಲ್ಲಕ್ಕಿಂತ ದೊಡ್ಡದು. ಇಬ್ಬರು ಹಿಡಿದು ಎತ್ತಬೇಕಾದ ಒಬ್ಬರಿದ್ದರೂ ಸಾಕು, ಒಬ್ಬರೇ ಡ್ಯೂಟಿಯಲ್ಲಿದ್ದರೆ ಆ ಕೆಲಸ ಬೆಳಗಿನ ತನಕ ಬಾಕಿ ಉಳಿಯುತ್ತದೆ, ಇಲ್ಲವೇ ಒಬ್ಬರೇ ಎಳೆದು ಭುಜಕ್ಕೆ ಪೆಟ್ಟಾಗುತ್ತದೆ. ಆಮೇಲೆ, ಅಲ್ಲಿ ಕೆಲಸ ಮಾಡುವ ಆಯಾ ಒಬ್ಬರನ್ನು ಮಾತಾಡಿಸಿ: ಇಲ್ಲಿಗೆ ಬಂದು ಎಷ್ಟು ದಿನವಾಯಿತು, ಅಗೋ ಅಲ್ಲಿ ಕೂತಿರುವ ಅಜ್ಜಿ ಮೊದಲು ಏನು ಮಾಡುತ್ತಿದ್ದರು, ಅವರಿಗೆ ಏನು ಇಷ್ಟ? ಇದಕ್ಕೆ ಥಟ್ಟನೆ ಉತ್ತರ ಬಂದರೆ ಆ ಕೇಂದ್ರದ ಬಗ್ಗೆ ಯಾವ ಸರ್ಟಿಫಿಕೇಟೂ ಹೇಳದಷ್ಟನ್ನು ಅದು ಹೇಳುತ್ತದೆ.

ಪ್ರಶ್ನೆ: ತುಂಬಾ ಉಪಕಾರವಾಯಿತು ಸಿಸ್ಟರ್. ಸ್ನಾನಕ್ಕೆ ಹೊಡೆಯುವ ವಿಷಯ ಹೇಳಿದಾಗ ಹೊಸ ಕೇಂದ್ರದವರು 'ಚಿಂತೆ ಬೇಡ, ನಮ್ಮ ಡಾಕ್ಟರು ಒಂದು ಸಣ್ಣ ಮಾತ್ರೆ ಕೊಡುತ್ತಾರೆ, ಶಾಂತವಾಗುತ್ತಾರೆ' ಎಂದರು. ಹಳೆಯ ಕೇಂದ್ರದವರು 'ಎಷ್ಟು ಹೊತ್ತಿಗೆ ಸ್ನಾನ ಮಾಡಿಸುತ್ತೀರಿ, ಯಾರು ಮಾಡಿಸುತ್ತಾರೆ' ಎಂದೆಲ್ಲ ಕೇಳುತ್ತಾ ಕೂತರು. ಮಾತ್ರೆ ಕೊಟ್ಟರೆ ತಪ್ಪೇ?

ಉತ್ತರ (ಮನೋವೈದ್ಯರು, ವೃದ್ಧರ ಮಾನಸಿಕ ಆರೋಗ್ಯ): ನೀವು ಬರೆದಿರುವ ಎರಡು ಉತ್ತರಗಳಲ್ಲೇ ನಿಮ್ಮ ತೀರ್ಮಾನದ ಅರ್ಧ ಭಾಗ ಇದೆ. ರೋಗಿಯನ್ನು ನೋಡುವ ಮೊದಲೇ ಮಾತ್ರೆಯ ಮಾತಾಡುವ ಕಡೆ ಎಚ್ಚರ ಇರಲಿ.

'ಸಣ್ಣ ಮಾತ್ರೆ' ಎಂದರೆ ಸಾಮಾನ್ಯವಾಗಿ ರಿಸ್ಪೆರಿಡೋನ್, ಒಲಾಂಜಪಿನ್, ಕ್ವೆಟಿಯಾಪಿನ್ ಅಥವಾ ಹ್ಯಾಲೊಪೆರಿಡಾಲ್, ಅಂದರೆ ತೀವ್ರ ಮನೋರೋಗಕ್ಕೆ ಕೊಡುವ ಔಷಧಗಳು. ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಇವು ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲಿ ಹೊಸ ಬಗೆಯ (ಮೇಲಿನ ಮೊದಲ ಮೂರರಂಥ) ಔಷಧಗಳಿಗೂ 2008ರಲ್ಲಿ ಹ್ಯಾಲೊಪೆರಿಡಾಲ್ ತರಹದ ಹಳೆಯವಕ್ಕೂ ತನ್ನ ಅತಿ ಗಂಭೀರ ಎಚ್ಚರಿಕೆಯನ್ನು ಹಾಕಿತು. ಅದು ಪರಿಶೀಲಿಸಿದ 17 ಪ್ರಯೋಗಗಳಲ್ಲಿ, ಸಾಮಾನ್ಯವಾಗಿ ಹತ್ತು ವಾರ ನಡೆದವು, ಔಷಧ ತೆಗೆದುಕೊಂಡವರಲ್ಲಿ ಶೇ 4.5ರಷ್ಟು ಜನ ತೀರಿಕೊಂಡಿದ್ದರೆ, ಔಷಧವಿಲ್ಲದ ಮಾತ್ರೆ ಪಡೆದವರಲ್ಲಿ ಆ ಪ್ರಮಾಣ ಶೇ 2.6 ಇತ್ತು. ಹೃದಯದ ತೊಂದರೆ ಮತ್ತು ನ್ಯುಮೋನಿಯಾದಂಥ ಸೋಂಕು ಮುಖ್ಯ ಕಾರಣಗಳು. ಅದರ ಮೇಲೆ ಮಂಪರು, ಬೀಳುವುದು, ಕೈಕಾಲು ಬಿಗಿಯುವುದು. ಲೂಯಿ ಬಾಡಿ ಡಿಮೆನ್ಷಿಯಾ (ಮರೆವಿನ ಕಾಯಿಲೆಯ ಇನ್ನೊಂದು ಬಗೆ) ಇದ್ದವರಿಗಂತೂ ಹ್ಯಾಲೊಪೆರಿಡಾಲ್‌ನ ಕಡಿಮೆ ಪ್ರಮಾಣವೂ ಪ್ರಾಣಕ್ಕೆ ಎರವಾಗಬಹುದು.

ಹಾಗೆಂದು ಎಂದೂ ಕೊಡಲೇಬಾರದು ಎಂದಲ್ಲ. ತಮಗೋ ಇತರರಿಗೋ ನಿಜವಾದ ಅಪಾಯವಿದ್ದಾಗ, ಇಲ್ಲದ್ದು ಕಂಡು ವಿಪರೀತ ನರಳುತ್ತಿರುವಾಗ ಬೇಕಾಗುತ್ತದೆ. ಆಗಲೂ ಯಾವ ಲಕ್ಷಣಕ್ಕೆ ಎಂದು ಬರೆದು, ಅತಿ ಕಡಿಮೆ ಪ್ರಮಾಣದಲ್ಲಿ, ಮನೆಯವರಿಗೆ ಹೇಳಿ ಆರಂಭಿಸಬೇಕು. ಸರಿಯಾದ ಪ್ರಮಾಣದಲ್ಲಿ ನಾಲ್ಕು ವಾರ ಕೊಟ್ಟರೂ ಗುಣ ಕಾಣದಿದ್ದರೆ ನಿಧಾನವಾಗಿ ಇಳಿಸಿ ನಿಲ್ಲಿಸಬೇಕು. ಗುಣ ಕಂಡರೂ ಆರಂಭಿಸಿದ ನಾಲ್ಕು ತಿಂಗಳೊಳಗೆ ಇಳಿಸಲು ಪ್ರಯತ್ನಿಸಬೇಕು. ಅಮೆರಿಕದ ಮನೋವೈದ್ಯರ ಸಂಘದ 2016ರ ಮಾರ್ಗಸೂಚಿ ಹೀಗೆಯೇ ಹೇಳುತ್ತದೆ. ಕೇಂದ್ರಕ್ಕೆ ಮೂರು ಪ್ರಶ್ನೆ ಕೇಳಿ: ನಿಮ್ಮಲ್ಲಿ ಎಷ್ಟು ಜನ ಈ ಮಾತ್ರೆಗಳ ಮೇಲಿದ್ದಾರೆ? ಅವನ್ನು ಇಳಿಸುವ ಬಗ್ಗೆ ಯಾರು, ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ? ನಮ್ಮ ಒಪ್ಪಿಗೆಯಿಲ್ಲದೆ ಹೊಸದಾಗಿ ಆರಂಭಿಸುತ್ತೀರಾ? 'ಬೇಕಾದಾಗ ಕೊಡಿ' ಎಂದು ಬರೆದಿಟ್ಟ ನಿದ್ರೆ ಮಾತ್ರೆ, ಚುಚ್ಚುಮದ್ದಿನ ಬಗ್ಗೆಯೂ ಕೇಳಿ. ಕೆಲಸದವರು ಕಡಿಮೆ ಇರುವ ರಾತ್ರಿ ಅದರ ಬಳಕೆ ತಾನಾಗಿಯೇ ಹೆಚ್ಚುತ್ತದೆ.

ಸ್ನಾನದ ವಿಷಯಕ್ಕೆ ಬಂದರೆ, ನಿಮ್ಮ ಅಮ್ಮ ಹೊಡೆಯುವುದಕ್ಕೆ ಬಹುಶಃ ಕಾರಣ ಇದೆ: ಚಳಿ, ನಾಚಿಕೆ, ಗುರುತಿಲ್ಲದವರು ಬಟ್ಟೆ ಬಿಚ್ಚುತ್ತಿದ್ದಾರೆ ಎನ್ನುವ ಭಯ, ಮಂಡಿನೋವು, ತಲೆಯ ಮೇಲೆ ಏಕಾಏಕಿ ಬೀಳುವ ನೀರು. ತಿಳಿದವರು ಸ್ನಾನದ ಮನೆಯನ್ನು ಮೊದಲೇ ಬೆಚ್ಚಗೆ ಮಾಡುತ್ತಾರೆ, ಮೈಮೇಲೆ ಟವೆಲ್ ಹೊದಿಸಿ ಒಂದೊಂದೇ ಭಾಗ ತೆರೆದು ತೊಳೆಯುತ್ತಾರೆ, ಕಾಲಿನಿಂದ ಆರಂಭಿಸಿ ತಲೆಯನ್ನು ಕೊನೆಗೆ ಅಥವಾ ಬೇರೆ ದಿನಕ್ಕೆ ಇಟ್ಟುಕೊಳ್ಳುತ್ತಾರೆ, ನೋವಿದ್ದರೆ ಅರ್ಧ ಗಂಟೆಗೂ ಮುಂಚೆ ನೋವಿನ ಮಾತ್ರೆ ಕೊಟ್ಟಿರುತ್ತಾರೆ. ಒಪ್ಪದಿದ್ದರೆ ಬಿಟ್ಟು ಸ್ವಲ್ಪ ಹೊತ್ತಿನ ಮೇಲೆ ಬರುತ್ತಾರೆ. ಹಳೆಯ ಕೇಂದ್ರದವರು ಆ ಪ್ರಶ್ನೆಗಳನ್ನೆಲ್ಲ ಕೇಳಿದ್ದು ಈ ಕಾರಣಕ್ಕೇ.

ಇನ್ನೊಂದು ಮಾತು. ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಗೊಂದಲ ಹೆಚ್ಚಿದರೆ ಅದು ಡಿಮೆನ್ಷಿಯಾ ಮುಂದುವರಿದದ್ದಲ್ಲ, ದೇಹದಲ್ಲಿ ಬೇರೇನೋ ಕೆಟ್ಟಿದೆ: ಮೂತ್ರದ ಸೋಂಕು, ಮಲಬದ್ಧತೆ, ನೀರಿನ ಕೊರತೆ, ನೋವು, ಹೊಸ ಔಷಧ. 'ಹಾಗಾದಾಗ ಮೊದಲು ಏನು ಮಾಡುತ್ತೀರಿ' ಎಂದು ಅಲ್ಲಿಯ ನರ್ಸನ್ನು ಕೇಳಿ. ಜ್ವರ, ಬಿ.ಪಿ., ಆಕ್ಸಿಜನ್, ಸಕ್ಕರೆ ಪರೀಕ್ಷಿಸಿ, ಎಷ್ಟು ದಿನದಿಂದ ಮಲ ಹೋಗಿಲ್ಲ ನೋಡಿ ಡಾಕ್ಟರಿಗೆ ಹೇಳುತ್ತೇವೆ ಎಂಬ ಉತ್ತರ ಬರಬೇಕು. ಮಾತಿನಲ್ಲಿ ನೋವು ಹೇಳಲಾಗದವರ ನೋವನ್ನು ಅಳೆಯಲು ಪೈನಾಡ್ ಎಂಬ ಮಾಪಕ ಇದೆ. ಉಸಿರಾಟ, ನರಳುವ ಸದ್ದು, ಮುಖಭಾವ, ಮೈಯ ಚಲನೆ, ಸಮಾಧಾನಕ್ಕೆ ಸ್ಪಂದನೆ, ಈ ಐದಕ್ಕೂ ಸೊನ್ನೆಯಿಂದ ಎರಡರ ತನಕ ಅಂಕ ಕೊಡುತ್ತಾರೆ. ಅದನ್ನು ಬಳಸುವ ಕೇಂದ್ರ ಅಪರೂಪ, ಬಳಸುತ್ತಿದ್ದರೆ ಒಳ್ಳೆಯ ಗುರುತು.

ಉತ್ತರ (ಆಕ್ಯುಪೇಷನಲ್ ಥೆರಪಿಸ್ಟ್, ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳಲು ನೆರವಾಗುವ ತಜ್ಞರು): ಕಟ್ಟಡದ ಬಗ್ಗೆ ನಾನು ಸೇರಿಸುತ್ತೇನೆ. ಫಳಫಳ ಹೊಳೆಯುವ ನೆಲ ಈ ಹಿರಿಯರಿಗೆ ಒದ್ದೆಯಾದಂತೆ ಕಾಣುತ್ತದೆ, ಕಪ್ಪು ಕಾಲೊರೆಸು ಗುಂಡಿಯಂತೆ ಕಾಣುತ್ತದೆ. ಅದಕ್ಕೇ ನಡೆಯುತ್ತಾ ನಡೆಯುತ್ತಾ ನಿಂತುಬಿಡುತ್ತಾರೆ, ಅಥವಾ ದಾಟಲು ಹೋಗಿ ಬೀಳುತ್ತಾರೆ. ಗೋಡೆ, ಕಮೋಡ್, ಅದರ ಸೀಟು ಎಲ್ಲ ಬಿಳಿಯಾಗಿದ್ದರೆ ಕೂರುವುದು ಎಲ್ಲಿ ಎಂದು ತಿಳಿಯುವುದಿಲ್ಲ. ಸೀಟಿಗೂ ಹಿಡಿಕಂಬಿಗೂ ಬೇರೆ ಗಾಢ ಬಣ್ಣ ಇರಬೇಕು. ಹಾಸಿಗೆಯ ಮೇಲೆ ಮಲಗಿ ನೋಡಿದರೆ ಟಾಯ್ಲೆಟ್ ಕಾಣುತ್ತದೆಯೇ? ಕಂಡರೆ ಬಳಸುತ್ತಾರೆ, ಕಾಣದಿದ್ದರೆ ಹುಡುಕುತ್ತಾ ಮೂಲೆಯಲ್ಲೇ ಕೂತುಬಿಡಬಹುದು. ತಟ್ಟೆಗೂ ಊಟಕ್ಕೂ ಒಂದೇ ಬಣ್ಣವಿದ್ದರೆ ಊಟ ಹಾಗೇ ಉಳಿಯುತ್ತದೆ.

ತೋಟ ಇದೆ ಎಂದಿರಿ. ಅದರ ಬಾಗಿಲಿಗೆ ಬೀಗ ಇದೆಯೋ ಎಂದು ನೋಡಿ. ಹಿರಿಯರು ತಾವಾಗಿ ಹೋಗಿಬರಲಾಗದ ತೋಟ ಬರೀ ಫೋಟೋಕ್ಕೆ. ಹೊರಗಿನ ಗೇಟು ಭದ್ರವಾಗಿರಬೇಕು, ಒಳಗೆ ಸುತ್ತಿ ಬಂದಲ್ಲಿಗೇ ಸೇರುವ ದಾರಿ ಇರಬೇಕು. ಬೆಂಕಿಯ ಅಲಾರಂ ಹೊಡೆದಾಗ ಬೀಗಗಳು ತಾವಾಗಿ ತೆರೆಯುತ್ತವೆಯೇ, ರಾತ್ರಿಯ ಸಿಬ್ಬಂದಿ ಎಂದಾದರೂ ಎಲ್ಲರನ್ನೂ ಹೊರತರುವ ಅಭ್ಯಾಸ ಮಾಡಿದ್ದಾರೆಯೇ, ಕೇಳಿ.

ಕಟ್ಟಿಹಾಕುವುದು ಹಗ್ಗದಿಂದಲೇ ಆಗಬೇಕಿಲ್ಲ. ಏಳಲಾಗದಷ್ಟು ಆಳದ ಕುರ್ಚಿ, ಎದುರಿಗೆ ಸಿಕ್ಕಿಸಿದ ಟ್ರೇ, ದೂರ ಇಟ್ಟ ವಾಕರ್, ಇವೆಲ್ಲ ಅದೇ. ಮಂಚಕ್ಕೆ ಎರಡೂ ಕಡೆ ಕಂಬಿ ಎತ್ತಿದ್ದರೆ ಸುರಕ್ಷಿತ ಎಂದುಕೊಳ್ಳುತ್ತೇವೆ. ನಿಮ್ಮ ಅಮ್ಮನಂತೆ ಎದ್ದು ಓಡಾಡುವವರು ಅದರ ಮೇಲೆ ಹತ್ತಿ ಇನ್ನೂ ಎತ್ತರದಿಂದ ಬೀಳುತ್ತಾರೆ, ಕೆಲವರು ಸಂದಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. ನೆಲಕ್ಕೆ ಹತ್ತಿರ ಇಳಿಸುವ ಮಂಚ, ಕಾಲಿಟ್ಟರೆ ಸದ್ದು ಮಾಡುವ ಮ್ಯಾಟ್, ಟಾಯ್ಲೆಟ್ ತನಕ ಮಂದ ದೀಪ ಇದ್ದರೆ ಯೋಚನೆ ಮಾಡಿದ್ದಾರೆ ಎಂದರ್ಥ.

ಪ್ರಶ್ನೆ: ದಾಖಲೆ ತೋರಿಸಿ ಎಂದು ಕೇಳಬಹುದೇ? ತೋರಿಸಿದರೂ ನಮಗೆ ಅರ್ಥವಾಗುತ್ತದೆಯೇ?

ಉತ್ತರ (ಹಿರಿಯ ನರ್ಸ್): ಬೇರೆಯವರ ಫೈಲು ತೋರಿಸಲಾರರು, ತೋರಿಸಲೂಬಾರದು. ಹೆಸರಿಲ್ಲದ ಖಾಲಿ ನಮೂನೆ ಕೇಳಿ, ಸೇರಿಸಿದ ಮೇಲೆ ಅಮ್ಮನದನ್ನು ವಾರವಾರ ನೋಡಿ. ನೋಡಬೇಕಾದವು ಕೆಲವೇ.

ಮೊದಲನೆಯದು ತೂಕ. ಸೇರಿಸುವ ದಿನವೇ ನಿಮ್ಮೆದುರು ತೂಗಿ ಬರೆಸಿ, ತಿಂಗಳಿಗೊಮ್ಮೆಯಾದರೂ ತೂಗಬೇಕು. ಒಂದು ತಿಂಗಳಲ್ಲಿ ಶೇ 5 ಅಥವಾ ಆರು ತಿಂಗಳಲ್ಲಿ ಶೇ 10 ಇಳಿದರೆ ಗಂಭೀರ. 60 ಕಿಲೋ ಇದ್ದವರು ತಿಂಗಳಲ್ಲಿ 57ಕ್ಕೆ ಬಂದರೆ ಕಾರಣ ಹುಡುಕಲೇಬೇಕು: ಹಲ್ಲಿನ ಸೆಟ್ ಕಳೆದಿದೆಯೇ, ಬಾಯಲ್ಲಿ ಹುಣ್ಣೇ, ನುಂಗಲು ಕಷ್ಟವೇ, ತಿನ್ನಿಸುವವರಿಗೆ ಪುರಸೊತ್ತಿಲ್ಲವೇ? ಊಟದ ಹೊತ್ತಿಗೆ ಒಮ್ಮೆ ಹೋಗಿ ನೋಡಿ. ನೇರವಾಗಿ ಕೂರಿಸಿ, ಒಂದು ತುತ್ತು ನುಂಗಿದ ಮೇಲೆ ಇನ್ನೊಂದು ಕೊಡಬೇಕು, ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಒರಗಿಸಿಕೊಂಡು ಅವಸರದಲ್ಲಿ ತುರುಕಿದರೆ ಅನ್ನನಾಳಕ್ಕೆ ಹೋಗಬೇಕಾದದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ.

ಎರಡನೆಯದು ನೀರಿನ ಚಾರ್ಟ್. ಹೃದಯ, ಮೂತ್ರಪಿಂಡದ ತೊಂದರೆಯಿಂದ ಡಾಕ್ಟರು ಮಿತಿ ಹಾಕದಿದ್ದರೆ ಹಿರಿಯ ಹೆಂಗಸರಿಗೆ ದಿನಕ್ಕೆ 1.6 ಲೀಟರ್‌ನಷ್ಟಾದರೂ ಕುಡಿಯುವ ದ್ರವ ಬೇಕು, ಗಂಡಸರಿಗೆ 2 ಲೀಟರ್. ಚಾರ್ಟಿನಲ್ಲಿ ಎರಡೆರಡು ಗಂಟೆಗೆ ಸರಿಯಾಗಿ 200, 200, 200 ಎಂದು ಒಂದೇ ಪೆನ್ನಿನಲ್ಲಿ ಒಂದೇ ಕೈಬರಹದಲ್ಲಿ ಇದ್ದರೆ ಅದನ್ನು ಶಿಫ್ಟ್ ಮುಗಿಯುವಾಗ ಕೂತು ತುಂಬಿಸಿದ್ದಾರೆ. ನಿಜವಾದ ಚಾರ್ಟಿನಲ್ಲಿ 80, 150, 'ಬೇಡ ಎಂದರು' ಎಂದೆಲ್ಲ ಇರುತ್ತದೆ.

ಮೂರನೆಯದು ಬಿದ್ದ ದಾಖಲೆ. 'ನಮ್ಮಲ್ಲಿ ಯಾರೂ ಬೀಳುವುದಿಲ್ಲ' ಎನ್ನುವವರನ್ನು ನಂಬಬೇಡಿ. ನಡೆಯಲು ಬಿಟ್ಟರೆ ಕೆಲವರು ಬೀಳುತ್ತಾರೆ. ಬಿದ್ದ ಮೇಲೆ ಏನು ಬದಲಿಸಿದರು ಎಂಬುದನ್ನು ಕೇಳಿ: ಚಪ್ಪಲಿಯೇ, ಔಷಧವೇ, ಟಾಯ್ಲೆಟ್ಟಿಗೆ ಕರೆದೊಯ್ಯುವ ಹೊತ್ತೇ? ತಲೆಗೆ ಪೆಟ್ಟಾದರೆ, ಅದರಲ್ಲೂ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಾದರೆ, ಕೂಡಲೇ ಆಸ್ಪತ್ರೆಗೆ ಒಯ್ಯುವ ನಿಯಮ ಬರವಣಿಗೆಯಲ್ಲಿ ಇರಬೇಕು.

ಹಾಸಿಗೆ ಹುಣ್ಣನ್ನು ನೀವೇ ನೋಡಬಹುದು. ಬೆನ್ನಿನ ಕೆಳಗಿನ ಮೂಳೆ ಮತ್ತು ಹಿಮ್ಮಡಿ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಣ್ಣ ತಿಳಿಯಾಗದೆ ಹಾಗೇ ಉಳಿದರೆ ಅದು ಹುಣ್ಣಿನ ಆರಂಭ. ಚರ್ಮದ ಬಣ್ಣ ಕಪ್ಪಾಗಿದ್ದರೆ ಕೆಂಪು ಕಾಣದು, ಸುತ್ತಲಿಗಿಂತ ಬಿಸಿಯೋ ಗಟ್ಟಿಯೋ ಆಗಿದೆಯೇ ಎಂದು ಮುಟ್ಟಿ ನೋಡಿ.

ಕರಾರು ಪತ್ರದಲ್ಲಿ ಯಾವ ಕಾರಣಕ್ಕೆ ಅಮ್ಮನನ್ನು ವಾಪಸು ಕಳಿಸಬಹುದು, ಎಷ್ಟು ದಿನ ಮೊದಲು ಹೇಳಬೇಕು, ಆಸ್ಪತ್ರೆಯಲ್ಲಿದ್ದಾಗ ಹಾಸಿಗೆ ಉಳಿಸುತ್ತಾರೆಯೇ, ಹಾಸಿಗೆ ಹಿಡಿದ ಮೇಲೂ ಕೊನೆತನಕ ನೋಡಿಕೊಳ್ಳುತ್ತಾರೆಯೇ, ಇವನ್ನು ಓದಿ ಸಹಿ ಹಾಕಿ. 'ವರ್ತನೆಯ ತೊಂದರೆ' ಎಂಬ ಒಂದೇ ಪದದ ಕಾರಣ ಇದ್ದರೆ ಒಪ್ಪಬೇಡಿ. ಆ ತೊಂದರೆ ಇರುವುದರಿಂದಲೇ ತಾನೇ ನೀವು ಸೇರಿಸುತ್ತಿರುವುದು.

ಪ್ರಶ್ನೆ: ಕೊನೆಯದಾಗಿ ಒಂದು. ಹೊಸ ಕೇಂದ್ರದವರು 'ಹೊಂದಿಕೊಳ್ಳುವ ತನಕ ಎರಡು ವಾರ ಮನೆಯವರು ಬರಬಾರದು' ಎನ್ನುತ್ತಾರೆ. ಹಾಗೆ ಮಾಡಬೇಕೇ?

ಉತ್ತರ (ಹಿರಿಯ ನರ್ಸ್): ಎಲ್ಲರಿಗೂ ಒಂದೇ ನಿಯಮ ಹಾಕುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಮೊದಲ ಎರಡು ವಾರವೇ ಬೀಳುವ, ಊಟ ಬಿಡುವ, ಮಾತ್ರೆ ಅದಲುಬದಲಾಗುವ ಕಾಲ. ಆಗ ನಿಮ್ಮ ಕಣ್ಣು ಅಲ್ಲಿರಬೇಕು. ನೀವು ಹೊರಡುವಾಗ ಅಮ್ಮ ತುಂಬಾ ಅಳುತ್ತಾರಾದರೆ ಊಟಕ್ಕೆ ಸ್ವಲ್ಪ ಮುಂಚೆ ಹೋಗಿ, ಊಟ ಆರಂಭವಾದಾಗ ಸಿಬ್ಬಂದಿಯ ಕೈಗೆ ಒಪ್ಪಿಸಿ ಹೊರಡಿ. ಸೇರಿಸುವಾಗ ಒಂದು ಪುಟ ಬರೆದು ಕೊಡಿ: ಯಾವ ಹೆಸರಿನಿಂದ ಕರೆದರೆ ಓಗೊಡುತ್ತಾರೆ, ಮೊದಲು ಏನು ಕೆಲಸ ಮಾಡುತ್ತಿದ್ದರು, ಎಷ್ಟು ಹೊತ್ತಿಗೆ ಏಳುತ್ತಾರೆ, ಏನು ಕಂಡರೆ ಹೆದರುತ್ತಾರೆ, ಯಾವ ಹಾಡಿಗೆ ಸಮಾಧಾನವಾಗುತ್ತಾರೆ. ಕನ್ನಡಕ, ಹಲ್ಲಿನ ಸೆಟ್, ಕಿವಿಯಂತ್ರದ ಮೇಲೆ ಹೆಸರು ಬರೆಸಿ. ಒಂದು ವಾರದ ಮೇಲೆ ಅಮ್ಮನನ್ನು ನೋಡಿಕೊಳ್ಳುವ ಆಯಾಗೆ ಆ ಪುಟದಲ್ಲಿದ್ದ ಯಾವುದಾದರೂ ಒಂದು ವಿಷಯ ಕೇಳಿ. ಗೊತ್ತಿಲ್ಲದಿದ್ದರೆ ಪುಟ ಫೈಲಿನಲ್ಲೇ ಉಳಿದಿದೆ ಎಂದರ್ಥ, ಅದನ್ನು ಅಮ್ಮನ ಮಂಚದ ಹತ್ತಿರವೇ ಇಡಲು ಹೇಳಿ.