ಮುಚ್ಚಳದಲ್ಲಿ ಅಂಗಡಿ ಹೆಸರು ಮಾತ್ರ, ಈ ಗ್ರಾಮಫೋನ್ ಮಾಡಿದವರು ಯಾರು?

ಅಟ್ಟದಪೆಟ್ಟಿಗೆ: ತಾತನ ಮನೆ ಅಟ್ಟದಲ್ಲಿ ಸೂಟ್‌ಕೇಸ್ ಥರದ ಗ್ರಾಮಫೋನ್ ಸಿಕ್ಕಿದೆ. ಕಪ್ಪು ಹೊದಿಕೆ. ಮುಚ್ಚಳದ ಒಳಗೆ ಬೆಂಗಳೂರಿನ ಒಂದು ಅಂಗಡಿಯ ಚೀಟಿ ಬಿಟ್ಟರೆ ಬೇರೆ ಹೆಸರಿಲ್ಲ. ಅವರೇ ಮಾಡಿದ್ದಾ? ಕೀಲಿ ಕೊಟ್ಟರೆ ತಿರುಗುತ್ತದೆ, ನಡುವೆ ಒಳಗಿಂದ 'ದಡ್' ಅನ್ನುತ್ತದೆ.

ಪಿನ್ನುಪ್ಲೇಟು: ಎಚ್‌ಎಂವಿ ಕಂಪನಿಯ 102 ಮಾದರಿ ಇರಬೇಕು. ನಮ್ಮನೆಯಲ್ಲೂ ಕಪ್ಪಗೇ ಇತ್ತು.

ಸ್ಪ್ರಿಂಗ್‌ಮಾಮ: ಕಪ್ಪಗಿರೋದೆಲ್ಲ 102 ಅಲ್ಲ ಸಾರ್! ಅದರ ಸೌಂಡ್ ಬಾಕ್ಸ್, ಅಂದರೆ ಪಿನ್ನು ಸಿಕ್ಕಿಸುವ ದುಂಡನೆ ಭಾಗದ ಮೇಲೆ ಸಾಮಾನ್ಯವಾಗಿ 5ಎ ಅಥವಾ 5ಬಿ ಅಂತ ಇರುತ್ತದೆ. ಚೀಟಿಯನ್ನೂ ನಂಬಬೇಡಿ, ಮಾರುವ ಅಂಗಡಿಯವರು ತಮ್ಮದನ್ನು ಅಂಟಿಸುತ್ತಿದ್ದರು. ಕೀಲಿ ಪೂರ್ತಿ ಇಳಿಯುವ ತನಕ ತಿರುಗಲು ಬಿಡಿ. ಕೀಲಿ ಕೊಡುವ ಹ್ಯಾಂಡಲ್ ಬಿಚ್ಚಿ ಹೊರಗೆ ತೆಗೆಯಿರಿ, ಇಲ್ಲದಿದ್ದರೆ ಮೋಟರ್ ಕೂರಿಸಿರುವ ಹಲಗೆ ಏಳೋದಿಲ್ಲ. ಆಮೇಲೆ ಸ್ಕ್ರೂ ಬಿಚ್ಚಿ ಹಲಗೆ ಎತ್ತಿ, ಮೋಟರ್ ಮೇಲೆ ಮತ್ತು ಟೋನ್‌ಆರ್ಮ್ (ಸೌಂಡ್ ಬಾಕ್ಸ್ ಹಿಡಿದಿರುವ ಕೊಳವೆ) ಬುಡದಲ್ಲಿ ಏನು ಬರೆದಿದೆ ನೋಡಿ.

ಅಟ್ಟದಪೆಟ್ಟಿಗೆ: ಮೋಟರ್ ಮೇಲೆ 'ಥೋರೆನ್ಸ್' ಅಂತಿದೆ! ಹಾಗಾದರೆ ಸ್ವಿಸ್ ಗ್ರಾಮಫೋನ್, ಅಲ್ವಾ? ಟೋನ್‌ಆರ್ಮ್ ಬುಡದಲ್ಲಿ ಬ್ರಿಟಿಷ್ ಪೇಟೆಂಟ್ ಅಂತ ಆರಂಕಿಯ ಸಂಖ್ಯೆ ಇದೆ.

ಸ್ಪ್ರಿಂಗ್‌ಮಾಮ: ಜಾಸ್ತಿ ಜನ ಎಡವೋದು ಅಲ್ಲೇ. ಸ್ವಿಟ್ಜರ್‌ಲೆಂಡಿನ ಸೇಂಟ್ ಕ್ರಾ ಊರಿನ ಥೋರೆನ್ಸ್ ಮೊದಲು ಸಂಗೀತ ಪೆಟ್ಟಿಗೆ ಮಾಡುತ್ತಿದ್ದ ಕಂಪನಿ. ತಮ್ಮದೇ ಗ್ರಾಮಫೋನ್ ಮಾಡಿದರು ನಿಜ, ಆದರೆ ಬೇರೆಯವರಿಗೂ ಮೋಟರ್ ಮಾರಿದರು. ಅದೇ ಊರಿನ ಪೈಯಾರ್ ಕಂಪನಿ ಕೂಡ ಹಾಗೇ. ಇವರ ಮೋಟರ್ ಕೊಂಡು, ಇನ್ನೊಬ್ಬರ ಟೋನ್‌ಆರ್ಮ್ ಕೂರಿಸಿ, ಪೆಟ್ಟಿಗೆ ಮಾತ್ರ ತಾವೇ ಮಾಡಿದವರು ಎಷ್ಟೋ ಜನ.

ಪೇಟೆಂಟ್ ಸಂಖ್ಯೆ ಒಳ್ಳೆ ಸುಳಿವು. ಬ್ರಿಟನ್ನಿನಲ್ಲಿ ಮೊದಲು ವರ್ಷಕ್ಕೊಮ್ಮೆ 1ರಿಂದ ಎಣಿಸುತ್ತಿದ್ದರು. 1916ರಲ್ಲಿ 100001ರಿಂದ ಒಂದೇ ಸರಣಿ ಶುರುವಾಯಿತು. ಹಾಗಾಗಿ ನಿಮ್ಮದು ಅದಕ್ಕಿಂತ ಹಳೆಯದಲ್ಲ. ಸಂಖ್ಯೆಯ ಮುಂದೆ 'ಜಿಬಿ' (GB) ಸೇರಿಸಿ, ಪೇಟೆಂಟ್ ಹುಡುಕುವ ವೆಬ್‌ಸೈಟ್ ಎಸ್ಪಾಸ್‌ನೆಟ್‌ನಲ್ಲಿ (Espacenet) ಹುಡುಕಿ, ದುಡ್ಡು ಕೊಡಬೇಕಿಲ್ಲ.

ಅಟ್ಟದಪೆಟ್ಟಿಗೆ: ಸಿಕ್ಕಿತು. ಟೋನ್‌ಆರ್ಮ್ ಮಡಚುವ ಕೀಲಿನ ಪೇಟೆಂಟ್. ಅರ್ಜಿ 1926ರದು, ಲಂಡನ್ ವಿಳಾಸ.

ಸ್ಪ್ರಿಂಗ್‌ಮಾಮ: ಭೇಷ್. ಆದರೆ ಆ ಪೇಟೆಂಟಿನವರು ಟೋನ್‌ಆರ್ಮ್ ಮಾತ್ರ ಮಾರಿದವರೂ ಆಗಿರಬಹುದು. ಉಳಿದಿರೋದು ಪೆಟ್ಟಿಗೆ. ಬೀಗ, ಮೂಲೆಯ ತಗಡು, ಹಿಡಿಕೆ, ಇವುಗಳ ಫೋಟೋ ಹಾಕಿ. 1926ರ ನಂತರದ ಬ್ರಿಟಿಷ್ ಪತ್ರಿಕೆಗಳ ಜಾಹೀರಾತುಗಳ ಜೊತೆ ಇಟ್ಟು ನೋಡೋಣ.

ಆ 'ದಡ್' ಬಹುಶಃ ಸ್ಪ್ರಿಂಗ್ ಡಬ್ಬಿಯೊಳಗೆ ಗ್ರೀಸ್ ಒಣಗಿ ಸುರುಳಿಗಳು ಅಂಟಿ ಬಿಡುವ ಸದ್ದು. ಡಬ್ಬಿ ಮಾತ್ರ ನೀವೇ ಬಿಚ್ಚಬೇಡಿ, ಸ್ಪ್ರಿಂಗ್ ಹಾರಿದರೆ ಕೈ ಸೀಳುತ್ತದೆ.